ಹಾಲುಬಿಳಿಯ ಚಳಿಗಾಲ

ಈ ಕಥೆಯನ್ನು ನಾನು ಹೇಳದಿದ್ದರೂ ಹಾಲುಬಿಳಿ ತಾನೇ ಹೇಳಿಕೊಂಡು ತಿರುಗುತ್ತಾನೆ. ಒಂದು ಅಂಗಿಯನ್ನು ಇಸ್ತ್ರಿಗೆ ಕೊಡಲು ಬಂದವರನ್ನೂ ಕೌಂಟರಿನ ಹತ್ತಿರ ನಿಲ್ಲಿಸಿಕೊಂಡು, ಈ ಬೀದಿಯ ಅತಿ ದೊಡ್ಡ ಪೆದ್ದ ಯಾರೆಂದು ಗೊತ್ತೇ ಎಂದು ಶುರುಮಾಡುತ್ತಾನೆ. ಗಿರಾಕಿ ದಾಕ್ಷಿಣ್ಯಕ್ಕೆ ಗೊತ್ತಿಲ್ಲ ಎಂದರೆ ತನ್ನ ಎದೆಯನ್ನೇ ತಟ್ಟಿ ತೋರಿಸುತ್ತಾನೆ. ಗೊತ್ತು ಎಂದರೆ ಮಾತ್ರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಹೀಗಿರುವಾಗ ನಾನು ಬರೆದರೆ ಅವನ ಮಾನ ಹೋಗುವುದೇನೂ ಇಲ್ಲ. ಹೋಗಬೇಕಾದದ್ದನ್ನು ಅವನೇ ಎಂದೋ ಹಗ್ಗದ ಮೇಲೆ ಹರವಿದ್ದಾನೆ.

ಅವನ ಹೆಸರು ಬೀದಿಗೆ ಮರೆತು ಬಹಳ ಕಾಲವಾಯಿತು. ಒಗೆದ ಗಂಟನ್ನು ಗಿರಾಕಿಯ ಕೈಗಿಡುವಾಗಲೆಲ್ಲ ‘ಹಾಲಿನ ಹಾಗೆ ಬಿಳಿ, ನೋಡ್ಕೊಳ್ಳಿ’ ಎನ್ನುವುದು ಅವನ ಚಟ. ಕರಿ ಪ್ಯಾಂಟು ಕೊಡುವಾಗಲೂ ಒಮ್ಮೊಮ್ಮೆ ಬಾಯಿತಪ್ಪಿ ಅದನ್ನೇ ಅಂದುಬಿಡುತ್ತಾನೆ. ಯಾರೋ ತಮಾಷೆಗೆ ಹಾಲುಬಿಳಿ ಎಂದರು, ಅದೇ ಅಂಟಿಕೊಂಡಿತು. ಅವನಿಗೆ ಅದರಿಂದ ಬೇಜಾರಿಲ್ಲ. ಬೇಜಾರು ಹಾಗಿರಲಿ, ಅದನ್ನು ಬಿರುದು ಎಂದೇ ಬಗೆದು ನಡೆಯುವಾಗ ಎದೆ ಒಂದಿಷ್ಟು ಮುಂದೆ ಹಾಕುತ್ತಿದ್ದ.

ಕೆಳಗೆ ಅಂಗಡಿ. ಅದರ ಹಿಂದೆ ಕಲ್ಲಿನ ತೊಟ್ಟಿಗಳಿರುವ ಅಂಗಳ, ಅಂಗಳದ ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಆಳು ಕೂರುವಷ್ಟು ದೊಡ್ಡ ತಾಮ್ರದ ಹಂಡೆ. ಮೇಲೆ ಎರಡು ಕೋಣೆಯ ಮನೆ. ಮನೆಯ ಮೇಲೆ ಸಾಲುಸಾಲು ಹಗ್ಗ ಕಟ್ಟಿದ ತಾರಸಿ. ಒಲೆಯ ತಗಡಿನ ಚಿಮಣಿ ಗೋಡೆಗೆ ಒರಗಿಕೊಂಡು ಮೇಲೇರಿ, ತಾರಸಿಯ ಅಂಚಿನಲ್ಲಿ ತಲೆ ಎತ್ತಿ ನಿಂತಿದೆ. ಓದುವವರು ಈ ಚಿಮಣಿಯೊಂದನ್ನು ನೆನಪಿಟ್ಟುಕೊಳ್ಳಬೇಕು. ಹಾಲುಬಿಳಿ ಅದನ್ನು ದಿನಾ ನೋಡುತ್ತಿದ್ದುದರಿಂದ ಪೂರ್ತಿಯಾಗಿ ಮರೆತಿದ್ದ.

ಕೆಲಸದ ಹಂಚಿಕೆ ಮದುವೆಯಾದ ಹೊಸದರಲ್ಲೇ ತೀರ್ಮಾನವಾಗಿಹೋಗಿತ್ತು. ಒಲೆ ಹೊತ್ತಿಸುವುದು, ಕುದಿಸುವುದು, ಉಜ್ಜುವುದು, ಹಗ್ಗಕ್ಕೆ ಹಾಕುವುದು ಅವನದು. ಜಾಲಿಸುವುದು, ನೀಲಿ ಹಾಕುವುದು, ಹಿಂಡುವುದು ಹೆಂಡತಿಯದು. ನೋಡುವವರಿಗೆ ಅವನದೇ ದೊಡ್ಡ ಕೆಲಸ. ಆದರೆ ಬಟ್ಟೆ ಬಿಳಿಯಾಗುವುದು ಜಾಲಿಸುವ ಕೈಯಲ್ಲಿ ಎಂದು ಈ ಕಸುಬಿನ ಎಲ್ಲರಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಆದರೂ ‘ಹಾಲಿನ ಹಾಗೆ ಬಿಳಿ’ ಎನ್ನುವಾಗ ಒಂದು ದಿನವೂ ಕೈ ಹಿಂದಕ್ಕೆ ತಿರುಗಿಸಿ ಅಂಗಳದ ಕಡೆ ತೋರಿಸಿದವನಲ್ಲ.

ಅವನಪ್ಪ ಬಿಟ್ಟುಹೋದ ಒಂದು ಕಟ್ಟಳೆಯಿತ್ತು: ಸೂರ್ಯ ಕಣ್ಣು ಬಿಡುವ ಹೊತ್ತಿಗೆ ಬಟ್ಟೆ ಹಗ್ಗದ ಮೇಲಿರಬೇಕು. ಹಾಗಾಗಿ ಇನ್ನೂ ಕತ್ತಲಿರುವಾಗಲೇ ಒಲೆ ಹೊತ್ತಬೇಕು. ಉರುವಲೆಂದರೆ ಮರಗೆಲಸದವರು ಬಿಸಾಡಿದ ಚೂರು, ಹೊಟ್ಟು, ಬಣ್ಣ ಮೆತ್ತಿದ ಹಳೆಯ ಕಿಟಕಿ ಬಾಗಿಲು. ಬೇಸಿಗೆಯಲ್ಲಿ ಆ ಹೊಗೆ ಎದ್ದು ಎತ್ತಲೋ ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತದೆಂದು ಅವನು ಕೇಳಲೂ ಇಲ್ಲ, ಅದು ಹೇಳಲೂ ಇಲ್ಲ.

ಆ ವರ್ಷದ ಚಳಿ ವಿಚಿತ್ರವಾಗಿತ್ತು. ಗಾಳಿಯೇ ಇಲ್ಲ. ಹಗ್ಗದ ಮೇಲಿನ ದಿಂಬಿನ ಚೀಲ ಹಾಕಿದ್ದು ಹಾಕಿದ ಹಾಗೇ, ಫೋಟೋ ತೆಗೆಸಿಕೊಳ್ಳಲು ನಿಂತಂತೆ ನಿಂತಿರುತ್ತಿತ್ತು. ಬೆಳಗಾದರೂ ಬೀದಿಯ ಕೊನೆ ಕಾಣದು. ವಾಹನಗಳು ದೀಪ ಹಾಕಿಕೊಂಡೇ ಓಡಾಡುತ್ತಿದ್ದವು. ಹಾಲುಬಿಳಿ ಮಂಕಿ ಕ್ಯಾಪಿನೊಳಗಿಂದ ಮೂಗು ಹೊರಹಾಕಿ ಉಸಿರೆಳೆದುಕೊಂಡು, ಮಂಜು ಎಂದರೆ ಇದು, ಚಳಿಗಾಲದ ಗಾಳಿಯಷ್ಟು ಶುದ್ಧ ಬೇರೆ ಇಲ್ಲ, ಇದನ್ನು ಕುಡಿದವನಿಗೆ ವೈದ್ಯರ ಹಂಗಿಲ್ಲ ಎಂದು ಎದುರು ಸಿಕ್ಕವರಿಗೆಲ್ಲ ಉಪದೇಶ ಮಾಡುತ್ತಿದ್ದ. ಹಿಂದಿನ ತೊಟ್ಟಿಯ ಹತ್ತಿರ ಹೆಂಡತಿ ಕೆಮ್ಮುತ್ತಿದ್ದಳು.

ಮೊದಲ ಏಟು ಹೆರಿಗೆ ಆಸ್ಪತ್ರೆಯಿಂದ ಬಿತ್ತು. ಅಲ್ಲಿನ ದೊಡ್ಡ ನರ್ಸಮ್ಮ ಮಾತು ಕಡಿಮೆಯ ಹೆಂಗಸು. ಒಂದು ಬೆಡ್‌ಶೀಟನ್ನು ಕಿಟಕಿಯ ಬೆಳಕಿಗೆ ಹಿಡಿದು, ನಿಮ್ಮ ಹಾಲಿಗೆ ಯಾಕೋ ಟೀ ಪುಡಿ ಬಿದ್ದ ಹಾಗಿದೆಯಲ್ಲ ಎಂದು ಗಂಟನ್ನು ವಾಪಸು ಕೊಟ್ಟಳು. ಹಾಲುಬಿಳಿ ನಕ್ಕ. ಕಿಟಕಿಯ ಗಾಜು ಕೊಳೆಯಾಗಿದೆ ಎಂದ. ಬೀದಿಗೆ ಬಂದು ತಾನೂ ಬೆಳಕಿಗೆ ಹಿಡಿದು ನೋಡಿದ. ಅಲ್ಲಿ ಗಾಜಿರಲಿಲ್ಲ, ಬೂದುಬಣ್ಣ ಮಾತ್ರ ಇತ್ತು.

ಮರುದಿನ ಎರಡು ಪಾಲು ಕಟ್ಟಿಗೆ ಒಟ್ಟಿ, ನೀರನ್ನು ಕೊತಕೊತ ಕುದಿಸಿ, ಅವೇ ಬೆಡ್‌ಶೀಟುಗಳನ್ನು ಮತ್ತೆ ಒಗೆದ. ಒಣಗಿದ ಮೇಲೆ ನೋಡಿದರೆ ಮೊದಲಿಗಿಂತ ಒಂದು ಕೈ ಹೆಚ್ಚೇ ಮಂಕಾಗಿದ್ದವು. ಅದರ ಮರುದಿನ ಇನ್ನೂ ಹೆಚ್ಚು ಕಟ್ಟಿಗೆ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ ಎಂದು ಗಾದೆ ಹೇಳುತ್ತೇವಲ್ಲ, ಅದನ್ನು ಇಷ್ಟು ಶ್ರದ್ಧೆಯಿಂದ ನಡೆಸಿಕೊಟ್ಟವರು ಕಡಿಮೆ.

ಆಮೇಲೆ ಅಪರಾಧಿಯ ಹುಡುಕಾಟ ಶುರುವಾಯಿತು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದವನು ಬೇರೆಯವರ ತಟ್ಟೆಯ ನೊಣ ತೋರಿಸಿದಂತೆ ಅವನು ಬೀದಿಯ ಒಂದು ತಟ್ಟೆಯನ್ನೂ ಬಿಡಲಿಲ್ಲ. ನಲ್ಲಿ ನೀರಿನಲ್ಲಿ ತುಕ್ಕಿದೆ ಎಂದು ನೀರಿನ ಕಚೇರಿಗೆ ಹೋಗಿ ಕೂಗಾಡಿದ. ಸೋಪಿಗೆ ಸುಣ್ಣ ಬೆರೆಸಿದ್ದೀಯ ಎಂದು ಸೋಪಿನವನ ಜೊತೆ ಮಾತು ಬಿಟ್ಟ. ಪಾರಿವಾಳಗಳನ್ನು ಕಲ್ಲು ಹೊಡೆದು ಓಡಿಸಿದ. ಕೊನೆಗೆ ಎದುರುಮನೆಯ ಬೇಕರಿಯವನ ಮೇಲೆ ಏರಿಹೋಗಿ, ನಿನ್ನ ಒಲೆಯ ಹೊಗೆಯಿಂದ ನನ್ನ ಕಸುಬು ಹಾಳಾಯಿತು ಎಂದ. ಬೇಕರಿಯವನು ಜಗಳವಾಡಲಿಲ್ಲ. ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಗೋಡೆಗೆ ಸಿಕ್ಕಿಸಿದ ಪ್ಲಗ್ಗು ತೋರಿಸಿದ. ಅವನದು ಕರೆಂಟಿನ ಒಲೆಯಾಗಿ ಎಷ್ಟೋ ಕಾಲವಾಗಿತ್ತು. ಬಂದದ್ದು ಬಂದೆ ಎಂದು ಒಂದು ಬನ್ನು ತಿಂದು ಹಾಲುಬಿಳಿ ಮನೆಗೆ ಮರಳಿದ.

ಹೊರಗೆ ಬೈಯಲು ಯಾರೂ ಉಳಿಯಲಿಲ್ಲ. ಇನ್ನು ಉಳಿದದ್ದು ಒಳಗಿನವರು. ಹೆಂಡತಿ ಈಚೆಗೆ ಜಾಲಿಸುವಾಗ ಅರ್ಧಕ್ಕೆ ನಿಲ್ಲಿಸಿ, ತೊಟ್ಟಿಯ ಅಂಚು ಹಿಡಿದು ಉಸಿರು ಎಳೆದುಕೊಳ್ಳುವುದನ್ನು ಅವನು ಗಮನಿಸಿದ್ದ. ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ಕೂರುತ್ತಿದ್ದಳು. ಬೇರೆ ಯಾರೇ ಆಗಿದ್ದರೂ ಇವಳಿಗೆ ಏನಾಗಿದೆ ಎಂದು ಕೇಳುತ್ತಿದ್ದರು. ಇವನು ಬೆಡ್‌ಶೀಟಿಗೆ ಏನಾಗಿದೆ ಎಂಬುದರ ಉತ್ತರ ಸಿಕ್ಕಿತೆಂದುಕೊಂಡ.

“ನಿನ್ನ ಕೈಯಲ್ಲಿ ಮೊದಲಿನ ಕಸುವಿಲ್ಲ ಕಣೇ. ಅದಕ್ಕೇ ಬಟ್ಟೆ ಹೀಗಾಗ್ತಿರೋದು” ಎಂದ.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಪೂರ್ತಿ ಹಿಂಡಿದಳು. ಅದರಲ್ಲಿ ಒಂದು ಹನಿಯೂ ಉಳಿಯದ ಹಾಗೆ ಹಿಂಡಿ, ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು ಮೇಲೆ ಹೋದಳು. ಒಂದೆರಡು ಜೊತೆ ಬಟ್ಟೆ, ಒಂದು ಕಟ್ಟು ಸೋಪು ಚೀಲಕ್ಕೆ ತುಂಬಿಕೊಂಡು ಇಳಿದು ಬಂದಳು. ಅವಳ ತಂಗಿಯ ಮನೆ ಬೀದಿಯ ಹಿಂದಿನ ಬೆಟ್ಟದ ಮೇಲಿನ ಬಡಾವಣೆಯಲ್ಲಿತ್ತು.

“ಕಸುವಿರೋ ಕೈ ಹುಡುಕ್ಕೊಳ್ಳಿ” ಎಂದಷ್ಟೇ ಹೇಳಿ ಹೋದಳು.

ಹಾಲುಬಿಳಿ ಸಂಜೆಗೆ ಬಂದಾಳು ಎಂದುಕೊಂಡ. ಬರಲಿಲ್ಲ. ನಾಳೆ ಬಂದಾಳು ಎಂದುಕೊಂಡ, ಆಗಲೂ ಬರಲಿಲ್ಲ. ಕೇಳಿದವರಿಗೆ, ಹವಾ ಬದಲಾವಣೆಗೆ ಹೋಗಿದ್ದಾಳೆ ಎಂದು ಸುಳ್ಳು ಹೇಳಿದ. ಆ ಚಳಿಗಾಲ ಪೂರ್ತಿ ಅವನ ಬಾಯಿಂದ ಬಂದ ಒಂದೇ ಒಂದು ನಿಜ ಅದು ಎಂದು ಈಗ ಅವನೇ ಹೇಳುತ್ತಾನೆ.

ಜಾಲಿಸುವ ಕೆಲಸಕ್ಕೆ ತನ್ನದೇ ಕಸುವಿರುವ ಕೈ ಹಚ್ಚಿದ. ಮೊದಲ ದಿನ ನೀಲಿ ಜಾಸ್ತಿಯಾಗಿ ಲಾಡ್ಜಿನ ಬೆಡ್‌ಶೀಟುಗಳೆಲ್ಲ ಆಕಾಶವಾದವು. ಎರಡನೆಯ ದಿನ ನೀಲಿ ಮರೆತ. ಹಿಂಡುವಾಗ ಸೊಂಟ ಹಿಡಿದುಕೊಂಡು, ಬಾಗಿದವನು ಬಾಗಿದ ಹಾಗೇ ಕೌಂಟರಿಗೆ ಬಂದಾಗ ಗಿರಾಕಿಯೊಬ್ಬ ತನಗೆ ನಮಸ್ಕರಿಸುತ್ತಿದ್ದಾನೆಂದು ತಿಳಿದು ತಾನೂ ಬಾಗಿದ. ಇಷ್ಟೆಲ್ಲ ಆದರೂ ಬಟ್ಟೆಯ ಬೂದುಬಣ್ಣ ಹಾಗೇ ಇತ್ತು. ಹೆಂಡತಿಯ ಕೈಯದು ತಪ್ಪಲ್ಲ ಎಂಬುದು ಹಗ್ಗದ ಮೇಲೆಯೇ ನೇತಾಡುತ್ತಿತ್ತು. ಆದರೆ ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅವನು ಬೇಕೆಂದೇ ಅತ್ತ ನೋಡಲಿಲ್ಲ.

ನಿಜ ಹೇಳಬೇಕೆಂದರೆ ಅವನಿಗೆ ಅವಳು ಬೇಕಾಗಿತ್ತು. ಜಾಲಿಸುವುದಕ್ಕಲ್ಲ. ಅಂಗಳದಲ್ಲಿ ಏನಾದರೊಂದು ಬೈಗುಳ ಬೈದು ಉತ್ತರಕ್ಕೆ ಕಾಯುವುದು, ಉತ್ತರ ಬಾರದೆ ತಾನೇ ತನಗೆ ಬೈದುಕೊಳ್ಳುವುದು ನಡೆದಿತ್ತು. ಟೀ ಎರಡು ಲೋಟಕ್ಕೆ ಸುರಿದು, ಎರಡನ್ನೂ ತಾನೇ ಕುಡಿದು, ಹೊಟ್ಟೆ ಉರಿದು ಮಲಗುತ್ತಿದ್ದ. ಅವಳು ಬರದೇ ಹೋದರೆ ಏನು ಗತಿ ಎಂಬ ಯೋಚನೆ ಬಂದಾಗಲೆಲ್ಲ ಒಲೆಗೆ ಇನ್ನೊಂದು ಕೊರಡು ತುರುಕುತ್ತಿದ್ದ.

ಕೊನೆಗೊಂದು ಬೆಳಿಗ್ಗೆ ಹೊರಟೇಬಿಟ್ಟ. ಅಪ್ಪನ ಕಟ್ಟಳೆಯಂತೆ ಕತ್ತಲಲ್ಲೇ ಒಲೆ ಹೊತ್ತಿಸಿ, ಬಟ್ಟೆ ಹಗ್ಗಕ್ಕೆ ಹಾಕಿ, ಮುಂದಿನ ಕಂತಿನ ನೀರು ಕಾಯಲೆಂದು ಒಲೆಗೆ ಹಸಿ ಕೊರಡು ಇಟ್ಟು, ಸ್ವೆಟರಿನ ಮೇಲೆ ಸ್ವೆಟರು ಹಾಕಿ, ಮಂಕಿ ಕ್ಯಾಪು ಕತ್ತಿನವರೆಗೆ ಎಳೆದುಕೊಂಡು ಬೆಟ್ಟದ ಕಾಲುದಾರಿ ಹಿಡಿದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ತಿದ್ದುತ್ತ ನಡೆದ. ಕ್ಷಮಿಸು ಎಂದು ಶುರುಮಾಡಿದರೆ ತಲೆಯ ಮೇಲೆ ಕೂರುತ್ತಾಳೆ. ಸಾಕು ಮಾಡು ಎಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಬಾ ಎಂದಷ್ಟೇ ಹೇಳುವುದೆಂದು ತೀರ್ಮಾನಿಸಿದ. ಒಂದಕ್ಷರದ ಮಾತಿಗೆ ಅರ್ಧ ಬೆಟ್ಟ ಹಿಡಿಯಿತು.

ಅರ್ಧ ದಾರಿಯಲ್ಲಿ ಬೆವರತೊಡಗಿದ. ವಯಸ್ಸಾಯಿತು ಎಂದುಕೊಂಡು ಕ್ಯಾಪು ತೆಗೆದ. ಇನ್ನಷ್ಟು ಏರಿದ ಮೇಲೆ ಒಂದು ಸ್ವೆಟರು ಬಿಚ್ಚಿ ಸೊಂಟಕ್ಕೆ ಕಟ್ಟಿದ. ಮಾಡಿದ ತಪ್ಪಿಗೆ ಮೈ ಹೀಗೆ ಬಿಸಿಯಾಗುತ್ತಿರಬಹುದೇ ಎಂದೂ ಅನ್ನಿಸಿತು. ಒಂದು ತಿರುವಿನಲ್ಲಿ ಕಂಬಳಿಯೊಳಗಿಂದ ತಲೆ ಹೊರಗೆ ಹಾಕಿದ ಹಾಗಾಯಿತು: ಮಂಜು ಕಾಲಡಿಗೆ ಉಳಿಯಿತು, ಮೇಲೆ ನೀಲಿ ಆಕಾಶ, ಬೆಚ್ಚನೆಯ ಬಿಸಿಲು. ಬೆಟ್ಟ ಏರಿದಷ್ಟೂ ಚಳಿ ಜಾಸ್ತಿ ಎಂದು ನಂಬಿಕೊಂಡಿದ್ದವನು ಎರಡನೆಯ ಸ್ವೆಟರನ್ನೂ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ನಾದಿನಿಯ ಮನೆ ತಲುಪುವಾಗ ಹಳೆ ಬಟ್ಟೆ ಮಾರುವವನ ಹಾಗೆ ಕಾಣುತ್ತಿದ್ದ.

ನಾದಿನಿ ನಿವೃತ್ತ ಭೂಗೋಳದ ಟೀಚರು. ತಾರಸಿಯಲ್ಲಿ ತೆಳು ಬಟ್ಟೆಯುಟ್ಟು ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದಳು. ಅವಳ ಹಿಂದೆ ಒಂದೇ ಒಂದು ಹಗ್ಗ, ಹಗ್ಗದ ಮೇಲೆ ಒಂದು ಬೆಡ್‌ಶೀಟು. ಅಷ್ಟು ಬಿಳಿಯನ್ನು ಹಾಲುಬಿಳಿ ಆ ಚಳಿಗಾಲದಲ್ಲಿ ಕಂಡಿರಲಿಲ್ಲ. ಹೊಟ್ಟೆಕಿಚ್ಚಿನಲ್ಲಿ, ಹೆಂಡತಿ ಹೇಗಿದ್ದಾಳೆ ಎಂದು ಕೇಳುವ ಬದಲು ಯಾವ ಸೋಪು ಎಂದು ಕೇಳಿದ.

“ನಿಮ್ಮ ಅಂಗಡೀದೇ ಸೋಪು ಭಾವ. ನಿಮ್ಮ ಅಂಗಡೀದೇ ಕೈ” ಎಂದಳು ನಾದಿನಿ.

ಅವನು ಮುಖ ತಿರುಗಿಸಿ ಗೋಡೆಯಾಚೆ ನೋಡಿದ. ಕೆಳಗೆ ಊರಿತ್ತು, ಅಥವಾ ಇರಬೇಕಾಗಿತ್ತು. ಅದರ ಮೇಲೆ ಕಂದುಬಣ್ಣದ ಪೊರೆಯೊಂದು ಗಾರೆಯವನು ಕರಣೆಯಿಂದ ಸಮ ಮಾಡಿದ ಹಾಗೆ ಚಪ್ಪಟೆಯಾಗಿ ಹರಡಿಕೊಂಡಿತ್ತು. ಎತ್ತರದ ಒಂದೆರಡು ಕಟ್ಟಡಗಳ ತುದಿಗಳು ಮಾತ್ರ ಮೇಲೆ ಬಂದಿದ್ದವು. ಇದನ್ನೇ ತಾನು ಬೆಳಿಗ್ಗೆ ಬೆಳಿಗ್ಗೆ ಶುದ್ಧ ಮಂಜೆಂದು ಎದೆತುಂಬ ಎಳೆದುಕೊಳ್ಳುತ್ತಿದ್ದದ್ದು ಎಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಬೆಟ್ಟದ ಬುಡದ ಬೀದಿಗಳ ಮೇಲೆ ಪೊರೆ ತೆಳ್ಳಗಿತ್ತು. ಅಲ್ಲಿ ಒಂದು ಚಿಮಣಿಯಿಂದ ದಪ್ಪನೆಯ ಹೊಗೆ ನೆಟ್ಟಗೆ ಏಳುತ್ತಿತ್ತು. ಎದ್ದು, ಕಾಣದ ಸೂರಿಗೆ ತಲೆ ತಾಗಿದ ಹಾಗೆ ನಿಂತು, ಬಾಗಿ, ಅಡ್ಡಡ್ಡ ಹರಡಿ ನಿಧಾನವಾಗಿ ಕೆಳಗಿಳಿಯುತ್ತಿತ್ತು.

“ಯಾವ ಅಯೋಗ್ಯ ಅದು, ಈ ಹೊತ್ತಲ್ಲಿ ಹಸಿ ಕೊರಡು ಇಟ್ಟಿರೋದು?” ಎಂದ ಹಾಲುಬಿಳಿ.

ಬೈದು ಮುಗಿಸುವಷ್ಟರಲ್ಲಿ ಚಿಮಣಿಯ ಪಕ್ಕದ ತಾರಸಿ ಕಣ್ಣಿಗೆ ಬಿತ್ತು. ತಾರಸಿಯ ಮೇಲೆ ಸಾಲುಸಾಲು ಹಗ್ಗ, ಹಗ್ಗದ ಮೇಲೆ ಸಾಲುಸಾಲು ಬೆಡ್‌ಶೀಟು. ಹೊಗೆ ಇಳಿಯುತ್ತಿದ್ದದ್ದು ನೇರ ಅದರ ಮೇಲೆ. ನೀರಿನ ಕಚೇರಿ, ಸೋಪಿನವನು, ಪಾರಿವಾಳ, ಬೇಕರಿಯವನು, ಎಲ್ಲರೂ ಒಬ್ಬೊಬ್ಬರಾಗಿ ನೆನಪಿಗೆ ಬಂದರು. ಕೊನೆಗೆ ಹೆಂಡತಿಯ ಕೈ ನೆನಪಾಯಿತು. ಅವನು ಸ್ವೆಟರುಗಳನ್ನು ಕೆಳಗೆ ಹಾಕಿ ಅವುಗಳ ಮೇಲೆಯೇ ಕೂತುಬಿಟ್ಟ.

ನಾದಿನಿ ಪಾಠ ಹೇಳುವ ಅವಕಾಶ ಬಿಡುವವಳಲ್ಲ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ಹತ್ತಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೆಳಗೇ ಕೂರುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಪಾತ್ರೆಗೆ ಮುಚ್ಚಳದ ಹಾಗೆ ಕೂರುತ್ತದೆ ಎಂದಳು. ಬೇಸಿಗೆಯಲ್ಲಿ ಕಾದ ಗಾಳಿ ಮೇಲೇಳುತ್ತ ಹೊಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ಈಗ ಮುಚ್ಚಳ ತಗ್ಗಿನಲ್ಲಿದೆ, ಬೀಸಿ ಕದಡುವ ಗಾಳಿಯೂ ಇಲ್ಲ. ಒಲೆ, ಬಸ್ಸು, ಕಾರ್ಖಾನೆ, ಯಾರದೇ ಹೊಗೆಯಾಗಲಿ, ಅದರ ಅಡಿಯಲ್ಲೇ ಬೇಯಬೇಕು. ಬಿಸಿಲೇರಿ ನೆಲ ಕಾದ ಮೇಲೆಯೇ ಮುಚ್ಚಳ ಸರಿಯುವುದು. ಹಾಗಾದರೆ ಎಲ್ಲಕ್ಕಿಂತ ಕೆಟ್ಟ ಹೊತ್ತು ಯಾವುದು ಎಂದು ಅವನು ಕೇಳಿದ. ನೀವು ಒಲೆ ಹಚ್ಚುವ ಹೊತ್ತೇ ಎಂದಳು. ಅಪ್ಪನ ಕಟ್ಟಳೆ ಎಂದು ಅವನು ಗೊಣಗಿದಾಗ, ನಿಮ್ಮಪ್ಪನ ಕಾಲದಲ್ಲಿ ಈ ಊರಿನಲ್ಲಿ ಇಷ್ಟು ಹೊಗೆ ಎಲ್ಲಿತ್ತು ಎಂದು ಅವನ ಬಾಯಿ ಮುಚ್ಚಿಸಿದಳು.

ಆಗ ಹೆಂಡತಿ ಮೇಲೆ ಬಂದಳು. ಎರಡು ಕೈಯಲ್ಲೂ ಒದ್ದೆ ಬಟ್ಟೆ ತುಂಬಿದ ಬಕೆಟ್ಟು. ಅವನನ್ನು ಕಂಡೂ ಕಾಣದವಳ ಹಾಗೆ ಹೋಗಿ ಬಕೆಟ್ಟುಗಳನ್ನು ಹಗ್ಗದ ಹತ್ತಿರ ಇಟ್ಟಳು. ಹಾಲುಬಿಳಿ ಗಡಬಡಿಸಿ ಎದ್ದ. ತಿದ್ದಿ ತೀಡಿ ತಂದ ಒಂದಕ್ಷರವೂ ಮರೆತುಹೋಗಿತ್ತು. ತಪ್ಪು ನಿನ್ನ ಕೈಯದಲ್ಲ, ಚಿಮಣಿಯದು ಎಂದ. ಚಿಮಣಿ ಯಾರದು ಎಂದು ಅವಳು ಕೇಳಿದಳು. ನಂದು ಎಂದ. ಇನ್ನು ಮೇಲೆ ಬಿಸಿಲೇರಿದ ಮೇಲೆಯೇ ಒಲೆ ಹಚ್ಚುತ್ತೇನೆ, ಬಣ್ಣದ ಹಲಗೆ ಸುಡುವುದಿಲ್ಲ, ಬಟ್ಟೆ ಮೊದಲಿನ ಹಾಗೆ ಬೆಳ್ಳಗಾಗುತ್ತದೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದ. ಬಟ್ಟೆಯ ಸಮಸ್ಯೆ ಬಗೆಹರಿದದ್ದಕ್ಕೆ ಅವನ ಮುಖದಲ್ಲಿ ಖುಷಿಯೂ ಕಂಡಿತು.

ಅವಳು ಒಂದು ದಿಂಬಿನ ಚೀಲವನ್ನು ಒದರಿದಳು.

“ಬಟ್ಟೆಗೆ ಹತ್ತಿದ್ದು ನಿಮಗೆ ಕಂಡಿತು ರೀ. ನನ್ನೊಳಗೆ ಹೋಗಿದ್ದನ್ನ ಯಾವ ಹಗ್ಗದ ಮೇಲೆ ಹಾಕಿ ತೋರಿಸ್ಲಿ?”

ಬಟ್ಟೆಯ ಮೇಲೆ ಕಾಣುವುದು ದಪ್ಪ ಮಸಿ, ಅದು ಒಗೆದರೆ ಹೋಗುತ್ತದೆ. ಕೂದಲಿಗಿಂತ ಎಷ್ಟೋ ಪಾಲು ಸಣ್ಣ ಧೂಳು ಕಣ್ಣಿಗೂ ಕಾಣದೆ ಶ್ವಾಸಕೋಶದ ತಳಕ್ಕೇ ಹೋಗಿ ಕೂರುತ್ತದೆ, ಅದನ್ನು ಜಾಲಿಸುವ ಕೈ ಯಾರಿಗೂ ಇಲ್ಲ ಎಂದು ನಾದಿನಿ ತಗ್ಗಿದ ದನಿಯಲ್ಲಿ ಹೇಳಿದಳು. ಈ ಸಲ ಅವಳು ಟೀಚರಿನ ಹಾಗೆ ಹೇಳಲಿಲ್ಲ.

ಹಾಲುಬಿಳಿಗೆ ಆಗ ಹೊಳೆಯಿತು. ಅವಳು ಎರಡು ಬಕೆಟ್ಟು ಹೊತ್ತು ಮೆಟ್ಟಿಲು ಹತ್ತಿ ಬಂದಿದ್ದಳು. ನಡುವೆ ಕೂತಿರಲಿಲ್ಲ. ಬಂದ ಮೇಲೆ ಗೋಡೆ ಹಿಡಿದಿರಲಿಲ್ಲ. ಇಷ್ಟು ಹೊತ್ತಾದರೂ ಒಮ್ಮೆಯೂ ಕೆಮ್ಮಿರಲಿಲ್ಲ. ಅವನು ಗೋಡೆಯ ಅಂಚಿಗೆ ಹೋದ. ಮತ್ತೆ ಕೆಳಗೆ ನೋಡಿದ. ತನ್ನ ಚಿಮಣಿಯನ್ನು ಈಗಲೇ ಕಿತ್ತು ಬಿಸಾಡಿದರೂ ಆ ಪೊರೆಯಲ್ಲಿ ಒಂದು ಚಿಟಿಕೆ ಕಡಿಮೆಯಾದೀತು, ಅಷ್ಟೇ. ಉಳಿದದ್ದು ಊರಿನದು. ತಾನು ಕರೆದರೆ ಇವಳು ಬರುತ್ತಾಳೆ. ಬಂದು ಅದರ ಅಡಿಯಲ್ಲಿ ಕೂತು ಮತ್ತೆ ತೊಟ್ಟಿಯ ಅಂಚು ಹಿಡಿದು ಉಸಿರು ಎಳೆದುಕೊಳ್ಳುತ್ತಾಳೆ.

ಬಾ ಎಂಬ ಮಾತು ಅಷ್ಟು ಹೊತ್ತಿಗೆ ನೆನಪಾಗಿ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

“ಇಲ್ಲಿ ಇನ್ನೊಂದಿಷ್ಟು ಹಗ್ಗ ಕಟ್ಟೋಕೆ ಜಾಗ ಇದ್ಯಾ?” ಎಂದು ಕೇಳಿದ.

ಅವಳು ಮೊದಲ ಸಲ ಅವನ ಮುಖ ನೋಡಿದಳು. ಗಾಳಿ ಬೀಸುವ ಕಾಲ ಬರಲಿ, ಆಗ ಬರುತ್ತೇನೆ ಎಂದಳು.

ಅಲ್ಲಿಂದ ಮುಂದೆ ಬೀದಿಯವರಿಗೆ ದಿನಾ ಒಂದು ಬಿಟ್ಟಿ ತಮಾಷೆ ಸಿಕ್ಕಿತು. ಬಿಸಿಲೇರಿದ ಮೇಲೆ ಒಲೆ ಹಚ್ಚಿ ಒಗೆದ ಬಟ್ಟೆಯನ್ನು ಒದ್ದೆ ಒದ್ದೆಯಾಗಿಯೇ ಗಂಟು ಕಟ್ಟಿ ಹೊತ್ತುಕೊಂಡು, ಹಾಲುಬಿಳಿ ಬೆಟ್ಟ ಹತ್ತತೊಡಗಿದ. ಬೆನ್ನ ಮೇಲೆ ನೀರು ಸುರಿಯುತ್ತಿದ್ದರೆ ಬೇಕರಿಯವನು ಬಾಗಿಲಿಗೆ ಬಂದು, ಯಾರದಪ್ಪಾ ತಪ್ಪು ಎಂದು ಕೇಳುವನು. ಮಾಡಿದ್ದುಣ್ಣೋ ಮಹರಾಯ ಎಂದು ಹಾಲುಬಿಳಿ ತನಗೆ ತಾನೇ ಹಾಡಿಕೊಂಡು ಮುಂದೆ ಹೋಗುವನು.

ಮೊದಲ ದಿನ ಹೊತ್ತು ತಂದಾಗ ನಾದಿನಿಯ ತಾರಸಿಯ ಮೇಲೆ ಹೊಸ ಹಗ್ಗಗಳನ್ನು ಬಿಗಿದಾಗಿತ್ತು. ಗಂಟು ಇಳಿಸಿ, ಸೊಂಟ ಹಿಡಿದು, ನಾಯಿಯ ಹಾಗೆ ಏದುಸಿರು ಬಿಡುತ್ತ ನಿಂತ. ಹೆಂಡತಿ ಮೇಲಿನ ಬೆಡ್‌ಶೀಟನ್ನು ಎತ್ತಿದಳು. ತೊಟತೊಟ ನೀರು ಸೋರಿತು. ಅದನ್ನು ಅವನ ಮೂಗಿನ ನೇರಕ್ಕೆ ಹಿಡಿದಳು.

“ಸರಿಯಾಗಿ ಹಿಂಡೇ ಇಲ್ಲ. ನಿಮ್ಮ ಕೈಯಲ್ಲಿ ಕಸುವಿಲ್ಲ” ಎಂದಳು.

“ಇಲ್ಲ ಕಣೇ” ಎಂದ ಹಾಲುಬಿಳಿ. ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದುಕೊಂಡ. ಅವಳು ಹಿಂಡತೊಡಗಿದಳು.